ಬೇಲಿ ದಾಟಿದ ಮೇಷ್ಟ್ರುಗಳು: ಮಹಾರಾಜ ಕಾಲೇಜಿನ ಗುರುಶಿಷ್ಯರ ಕಥೆ

1935ರಲ್ಲಿ ಮೈಸೂರಿನ ‘ವಿಠಲ ವಿಹಾರ’ ಎಂಬ ಮನೆಯಿಂದ ಒಂದು ದನಿ ಗಾಳಿಯಲ್ಲಿ ತೇಲಿ ಹೊರಟಿತು. ಆ ಮನೆ ಮಹಾರಾಜ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ ಅವರದು. ಒಂದು ಪುಟ್ಟ ಪ್ರಸಾರಯಂತ್ರ ತರಿಸಿ ಮನೆಯಲ್ಲೇ ಇಟ್ಟುಕೊಂಡು, ಹಾಡುವವರನ್ನೂ ಮಾತಾಡಬಲ್ಲವರನ್ನೂ ಕರೆಸಿ ಕೂರಿಸಿ ಅವರು ರೇಡಿಯೋ ಕೇಂದ್ರವೊಂದನ್ನು ಶುರು ಮಾಡಿದ್ದರು. ಸರ್ಕಾರ ಕೇಳಿರಲಿಲ್ಲ, ಕಾಲೇಜು ಹೇಳಿರಲಿಲ್ಲ. ಕೈಯಿಂದ ಖರ್ಚು, ಸಂಜೆಯ ಬಿಡುವು, ಜೊತೆಗೆ ಕಾಲೇಜಿನ ಸಹೋದ್ಯೋಗಿಗಳ ನೆರವು. ಆ ಕೇಂದ್ರಕ್ಕೆ ಇಟ್ಟ ಹೆಸರು ‘ಆಕಾಶವಾಣಿ’. ಎರಡು ದಶಕಗಳಾದ ಮೇಲೆ ಇಡೀ ದೇಶದ ಬಾನುಲಿಗೆ ಅದೇ ಹೆಸರು ಬಂತು.

ಮನಶ್ಶಾಸ್ತ್ರದ ಮೇಷ್ಟ್ರಿಗೆ ರೇಡಿಯೋದ ಉಸಾಬರಿ ಏಕೆ ಎಂದು ಅಂದು ಯಾರಾದರೂ ಕೇಳಿದ್ದರೆ ಆಶ್ಚರ್ಯವಿಲ್ಲ. ಆದರೆ ಮಹಾರಾಜ ಕಾಲೇಜಿನ ಚರಿತ್ರೆಯನ್ನು ಬಿಡಿಸುತ್ತ ಹೋದರೆ ಇಂಥ ಉಸಾಬರಿಗಳೇ ಸಾಲುಸಾಲಾಗಿ ಸಿಗುತ್ತವೆ. ಇಂಗ್ಲಿಷ್ ಮೇಷ್ಟ್ರು ಕನ್ನಡಕ್ಕಾಗಿ ಊರೂರು ಸುತ್ತುತ್ತಾರೆ. ಇತಿಹಾಸದ ಮೇಷ್ಟ್ರು ಗುದ್ದಲಿ ಹಿಡಿಸಿ ಮಣ್ಣು ಬಗೆಸುತ್ತಾರೆ. ಮನಶ್ಶಾಸ್ತ್ರ ಓದಿದ ಹುಡುಗಿ ಕಾದಂಬರಿ ಬರೆಯುತ್ತಾಳೆ. ಸ್ಮರಣ ಸಂಚಿಕೆಗಳಲ್ಲಿ ಅಧ್ಯಾಪಕರ ಸಾಧನೆಗೆ ಒಂದು ಪಟ್ಟಿ, ಹಳೆಯ ವಿದ್ಯಾರ್ಥಿಗಳ ಸಾಧನೆಗೆ ಇನ್ನೊಂದು ಪಟ್ಟಿ ಕೊಡುವುದು ರೂಢಿ. ಈ ಕಾಲೇಜಿನ ಮಟ್ಟಿಗೆ ಆ ಎರಡು ಪಟ್ಟಿಗಳನ್ನು ಬಿಡಿಸಿ ಇಡುವುದು ಕಷ್ಟ. ಒಂದು ಪಟ್ಟಿಯಲ್ಲಿ ಕಂಡ ಹೆಸರು ಮತ್ತೊಂದರಲ್ಲೂ ಕಾಣುತ್ತದೆ. ಗುರು ತನ್ನ ವಿಷಯದ ಬೇಲಿ ದಾಟಿದಲ್ಲೇ ಶಿಷ್ಯನಿಗೆ ದಾರಿ ತೆರೆದದ್ದು ಕಾಣುತ್ತದೆ. ಈ ಲೇಖನ ಆ ದಾರಿ ಹಿಡಿದು ಹೊರಟಿದೆ.

ರಾಜರ ಶಾಲೆಯಿಂದ ವಿಶ್ವವಿದ್ಯಾನಿಲಯಕ್ಕೆ

ಬೇರು ಇರುವುದು 1833ರಲ್ಲಿ. ಮುಮ್ಮಡಿ ಕೃಷ್ಣರಾಜ ಒಡೆಯರು ಮೈಸೂರಿನಲ್ಲಿ ತೆರೆದ ಇಂಗ್ಲಿಷ್ ಶಾಲೆಯನ್ನು ಜನ ರಾಜಾ ಸ್ಕೂಲು ಎಂದು ಕರೆದರು. ರಾಜ್ಯದ ಆಡಳಿತ ಬ್ರಿಟಿಷ್ ಕಮಿಷನರರ ಕೈಯಲ್ಲಿದ್ದ ಕಾಲ ಅದು. ಅರಸರ ಕೈಯಲ್ಲಿ ಉಳಿದಿದ್ದ ಕೆಲವೇ ಕೆಲಸಗಳಲ್ಲಿ ಶಾಲೆ ನಡೆಸುವುದೂ ಒಂದು. ಅದೇ ಶಾಲೆ ಬೆಳೆದು 1879ರ ಹೊತ್ತಿಗೆ ಕಾಲೇಜಾಯಿತು, 1894ರ ಹೊತ್ತಿಗೆ ಪದವಿ ತರಗತಿಗಳನ್ನೂ ಪಡೆಯಿತು. ಪರೀಕ್ಷೆ ಮಾತ್ರ ಮದರಾಸು ವಿಶ್ವವಿದ್ಯಾನಿಲಯದ್ದು. ಪಾಠ ಮೈಸೂರಿನಲ್ಲಿ, ಪ್ರಶ್ನೆಪತ್ರಿಕೆ ಮದರಾಸಿನಲ್ಲಿ ಎಂಬ ಈ ಏರ್ಪಾಟು 1916ರವರೆಗೆ ನಡೆಯಿತು.

1916ರ ಜುಲೈ 27ರಂದು ಮೈಸೂರು ವಿಶ್ವವಿದ್ಯಾನಿಲಯ ಹುಟ್ಟಿತು. ದೇಶೀ ಸಂಸ್ಥಾನಗಳಲ್ಲಿ ಇದೇ ಮೊದಲನೆಯದು. ನಾಲ್ವಡಿ ಕೃಷ್ಣರಾಜ ಒಡೆಯರು ಕುಲಾಧಿಪತಿ, ದಿವಾನರು ಸರ್ ಎಂ. ವಿಶ್ವೇಶ್ವರಯ್ಯ, ಮೊದಲ ಕುಲಪತಿ ಎಚ್.ವಿ. ನಂಜುಂಡಯ್ಯ. ಬೆಂಗಳೂರಿನ ಸೆಂಟ್ರಲ್ ಕಾಲೇಜಿಗೆ ಮುಖ್ಯವಾಗಿ ವಿಜ್ಞಾನ, ಮೈಸೂರಿನ ಮಹಾರಾಜ ಕಾಲೇಜಿಗೆ ಕಲಾವಿಷಯಗಳು ಎಂದು ಪಾಲಾಯಿತು. ಮುಂದೆ ಆದದ್ದಕ್ಕೆಲ್ಲ ಈ ಪಾಲು ಒಂದು ಕಾರಣ. ಭಾಷೆ, ತತ್ತ್ವಶಾಸ್ತ್ರ, ಇತಿಹಾಸ, ಅರ್ಥಶಾಸ್ತ್ರ, ಮನಶ್ಶಾಸ್ತ್ರ ಹೇಳಿಕೊಡುವ ಮೇಷ್ಟ್ರುಗಳೆಲ್ಲ ಒಂದೇ ಆವರಣದಲ್ಲಿ, ಕೂಗಿದರೆ ಕೇಳುವ ದೂರದಲ್ಲಿ ಸೇರಿದರು. ಇತಿಹಾಸದ ತರಗತಿ ಮುಗಿಸಿ ಬಂದ ಹುಡುಗನಿಗೆ ಸಂಸ್ಕೃತದ ಹಿರಿಯಣ್ಣನವರು ಓಣಿಯಲ್ಲಿ ಎದುರಾಗುತ್ತಿದ್ದ ಕಾಲೇಜು ಇದು.

ಮೊದಲಿನ ಪ್ರಿನ್ಸಿಪಾಲರಲ್ಲಿ ಕಟ್ಟಮಂಚಿ ರಾಮಲಿಂಗಾರೆಡ್ಡಿ ಒಬ್ಬರು. ತೆಲುಗಿನಲ್ಲಿ ಕವಿ ಮತ್ತು ವಿಮರ್ಶಕರೆಂದು ಹೆಸರಾದ ಅವರು ಮೈಸೂರು ಸಂಸ್ಥಾನದ ವಿದ್ಯಾ ಇಲಾಖೆಯನ್ನು ನಡೆಸಿ, ಆಮೇಲೆ ಆಂಧ್ರ ವಿಶ್ವವಿದ್ಯಾನಿಲಯದ ಮೊದಲ ಕುಲಪತಿಯಾದರು. ಬಂಗಾಳದಿಂದ ಬಂದ ಬ್ರಜೇಂದ್ರನಾಥ ಶೀಲರು 1921ರಿಂದ 1930ರವರೆಗೆ ಕುಲಪತಿಗಳು. ಪಾರ್ಸಿ ಮನೆತನದ ಎ.ಆರ್. ವಾಡಿಯಾ ತತ್ತ್ವಶಾಸ್ತ್ರದ ಪ್ರಾಧ್ಯಾಪಕರು, ಇಂಗ್ಲಿಷರಾದ ಜೆ.ಸಿ. ರೋಲೊ ಇಂಗ್ಲಿಷ್ ಹೇಳಿಕೊಟ್ಟವರು, ಪ್ರಿನ್ಸಿಪಾಲರೂ ಆಗಿದ್ದವರು. ಊರು ಮೈಸೂರಾದರೂ ಮೇಷ್ಟ್ರ ಕೊಠಡಿಯಲ್ಲಿ ಕೇಳುತ್ತಿದ್ದ ನುಡಿಗಳು ನಾಲ್ಕಾರು.

ಇಂಗ್ಲಿಷ್ ಮೇಷ್ಟ್ರ ಕನ್ನಡ

ಬಿ.ಎಂ. ಶ್ರೀಕಂಠಯ್ಯನವರು ಸಂಬಳ ಪಡೆದದ್ದು ಇಂಗ್ಲಿಷ್ ಪಾಠಕ್ಕೆ. ಷೇಕ್ಸ್‌ಪಿಯರ್‌ನನ್ನೂ ಗ್ರೀಕ್ ರುದ್ರನಾಟಕವನ್ನೂ ಹೇಳಿಕೊಡುವುದರಲ್ಲಿ ಅವರಿಗೆ ಸಮನಾದವರಿಲ್ಲ ಎಂದು ಕೇಳಿದವರೆಲ್ಲ ಹೇಳುತ್ತಿದ್ದರು. ಅಂಥವರು 1911ರಲ್ಲೇ ಧಾರವಾಡದ ವಿದ್ಯಾವರ್ಧಕ ಸಂಘದಲ್ಲಿ ನಿಂತು ‘ಕನ್ನಡ ಮಾತು ತಲೆಯೆತ್ತುವ ಬಗೆ’ ಎಂಬ ಉಪನ್ಯಾಸ ಕೊಟ್ಟರು. ಓದಿದವರು ಮನೆಯಲ್ಲೂ ಇಂಗ್ಲಿಷಿನಲ್ಲಿ ಕಾಗದ ಬರೆಯುತ್ತಿದ್ದ ದಿನಗಳು ಅವು. ಕನ್ನಡ ಪಂಡಿತರ ಸೊತ್ತು, ಇಲ್ಲವೆ ಹಳ್ಳಿಯವರ ಬಾಯಿಮಾತು. ನಡುವೆ ಓದಿದ ತರುಣನಿಗೆ ಹಿಡಿದುಕೊಳ್ಳಲು ಏನೂ ಇರಲಿಲ್ಲ.

‘ಶ್ರೀ’ ಎಂದೇ ಹೆಸರಾದ ಶ್ರೀಕಂಠಯ್ಯನವರು ಆ ನಡುವಿನ ಜಾಗವನ್ನು ತುಂಬಿದ ಬಗೆ ವಿಚಿತ್ರ. ತರಗತಿಯಲ್ಲಿ ಹೇಳಿಕೊಡುತ್ತಿದ್ದ ಇಂಗ್ಲಿಷ್ ಕವಿತೆಗಳನ್ನೇ ಕನ್ನಡಕ್ಕೆ ತಂದರು. 1926ರಲ್ಲಿ ಪುಸ್ತಕವಾಗಿ ಬಂದ ‘ಇಂಗ್ಲಿಷ್ ಗೀತಗಳು’ ಓದಿದ ಹುಡುಗರಿಗೆ ಎರಡು ಸಂಗತಿ ಹೊಳೆದವು. ಷಟ್ಪದಿ, ಕಂದಗಳ ಆಚೆಗೂ ಕನ್ನಡದಲ್ಲಿ ಲಯವುಂಟು ಎಂಬುದು ಒಂದು. ಪ್ರಾಸವನ್ನು ಎರಡನೆಯ ಅಕ್ಷರದಲ್ಲಿ ಕಟ್ಟಿಹಾಕದೆಯೂ ಪದ್ಯ ನಿಲ್ಲುತ್ತದೆ ಎಂಬುದು ಇನ್ನೊಂದು. ಛಂದಸ್ಸಿನ ಈ ಸಣ್ಣ ಸಡಿಲಿಕೆಯಿಂದ ಒಂದು ತಲೆಮಾರಿನ ಕವಿಗಳಿಗೆ ಬಾಯಿ ಬಂತು. ‘ಗದಾಯುದ್ಧ ನಾಟಕಂ’, ‘ಅಶ್ವತ್ಥಾಮನ್’, ‘ಪಾರಸಿಕರು’ ಎಂಬ ನಾಟಕಗಳಲ್ಲಿ ಗ್ರೀಕ್ ರುದ್ರತೆಯನ್ನು ಕನ್ನಡಕ್ಕೆ ಒಗ್ಗಿಸಿದರು. ವಿಶ್ವವಿದ್ಯಾನಿಲಯದ ಇಂಗ್ಲಿಷ್–ಕನ್ನಡ ನಿಘಂಟಿಗೂ ಹೆಗಲು ಕೊಟ್ಟರು. ಆ ನಿಘಂಟು 1946ರಲ್ಲಿ ಹೊರಬಂತು. ಅದೇ ವರ್ಷದ ಜನವರಿಯಲ್ಲಿ, ಧಾರವಾಡದಲ್ಲಿ ಪ್ರಿನ್ಸಿಪಾಲರಾಗಿದ್ದಾಗಲೇ, ಶ್ರೀಯವರು ತೀರಿಕೊಂಡರು. ಕನ್ನಡ ಹೇಗೆ ತಲೆಯೆತ್ತೀತು ಎಂದು ಮೊದಲು ಮಾತಾಡಿದ ಊರಿನಲ್ಲೇ ಅವರ ಕೊನೆಯ ದಿನಗಳು ಕಳೆದವು.

ಮೊದಲ ಎಂ.ಎ. ತರಗತಿ

ಕನ್ನಡದಲ್ಲಿ ಎಂ.ಎ. ಮಾಡಬಹುದು ಎಂಬ ಮಾತು ಮೊದಲು ಹಲವರಿಗೆ ನಗೆಪಾಟಲಾಗಿ ಕಂಡಿತ್ತು. 1927ರಲ್ಲಿ ತರಗತಿ ಶುರುವಾಯಿತು. ಕನ್ನಡದ ಮೊದಲ ಪ್ರಾಧ್ಯಾಪಕರು ಚಿತ್ರದುರ್ಗದ ಕಡೆಯ ತಳುಕಿನ ಟಿ.ಎಸ್. ವೆಂಕಣ್ಣಯ್ಯ. ಅವರನ್ನೂ ಗೆಳೆಯ ಎ.ಆರ್. ಕೃಷ್ಣಶಾಸ್ತ್ರಿಗಳನ್ನೂ ಕನ್ನಡದ ಅಶ್ವಿನೀದೇವತೆಗಳು ಎಂದು ಕರೆಯುವುದು ವಾಡಿಕೆ. ಶಾಸ್ತ್ರಿಗಳು ಮುಂದೆ ‘ವಚನ ಭಾರತ’ದ ಮೂಲಕ ಮಹಾಭಾರತವನ್ನು ಮನೆಮನೆಯ ಗದ್ಯವಾಗಿಸಿದರು. ವೆಂಕಣ್ಣಯ್ಯನವರು ಬರೆದದ್ದು ಕಡಿಮೆ. ತಾವು ಬರೆಯುವುದಕ್ಕಿಂತ ಹುಡುಗರಿಂದ ಬರೆಸುವುದರಲ್ಲಿ ಅವರಿಗೆ ಹೆಚ್ಚು ಆಸೆ ಇತ್ತು.

ಆ ಮೊದಲ ತಂಡದಲ್ಲಿ ಕೂತಿದ್ದ ಇಬ್ಬರ ಹೆಸರು ಹೇಳಿದರೆ ಸಾಕು. ಒಬ್ಬರು ತೀರ್ಥಹಳ್ಳಿಯ ಕಡೆಯ ಕುಪ್ಪಳಿಯ, ಮುಂದೆ ಕುವೆಂಪು ಎಂದು ಹೆಸರಾದ ಕೆ.ವಿ. ಪುಟ್ಟಪ್ಪ, ಇನ್ನೊಬ್ಬರು ಡಿ.ಎಲ್. ನರಸಿಂಹಾಚಾರ್. 1929ರಲ್ಲಿ ಇಬ್ಬರೂ ಎಂ.ಎ. ಮುಗಿಸಿದರು.

ಪುಟ್ಟಪ್ಪ ಹೈಸ್ಕೂಲಿನಲ್ಲೇ ಇಂಗ್ಲಿಷ್ ಕವಿತೆ ಬರೆದು ಅಚ್ಚು ಹಾಕಿಸಿದ್ದ ಹುಡುಗ. ಐರಿಷ್ ಕವಿ ಜೇಮ್ಸ್ ಕಸಿನ್ಸ್ ಮೈಸೂರಿಗೆ ಬಂದಾಗ ಅದನ್ನು ತೋರಿಸಿ, ನಿನ್ನ ತಾಯ್ನುಡಿಯಲ್ಲಿ ಏನು ಬರೆದಿದ್ದೀಯೆ ಎಂಬ ಪ್ರಶ್ನೆ ಕೇಳಿಸಿಕೊಂಡು ಬಂದ ಕಥೆಯನ್ನು ಅವರೇ ಹೇಳಿಕೊಂಡಿದ್ದಾರೆ. ಆ ಪ್ರಶ್ನೆ ಮುಳ್ಳಿನಂತೆ ಚುಚ್ಚಿದ್ದು ನಿಜ. ಆದರೆ ಮುಳ್ಳು ಚುಚ್ಚಿದ ಮಾತ್ರಕ್ಕೆ ಮಹಾಕಾವ್ಯ ಹುಟ್ಟುವುದಿಲ್ಲ. ಪಂಪನಿಂದ ಲಕ್ಷ್ಮೀಶನವರೆಗೆ ಹಳೆಯ ಕಾವ್ಯವನ್ನು ಸಾಲು ಬಿಡಿಸಿ ಓದಿಸಿದ ತರಗತಿ ಬೇಕಿತ್ತು. ಅದು ಅವರಿಗೆ ವೆಂಕಣ್ಣಯ್ಯನವರಿಂದ ಸಿಕ್ಕಿತು.

ಕುವೆಂಪು ‘ಶ್ರೀ ರಾಮಾಯಣ ದರ್ಶನಂ’ ಬರೆಯತೊಡಗಿದ್ದು 1936ರಲ್ಲಿ. ಮೂರು ವರ್ಷದೊಳಗೆ ಗುರುಗಳು ತೀರಿಕೊಂಡರು. ಕಾವ್ಯ ಮುಗಿಯುವ ಹೊತ್ತಿಗೆ 1946. ಅಚ್ಚಾಗಿ ಬಂದದ್ದು 1949ರಲ್ಲಿ. ಪುಸ್ತಕ ತೆರೆದರೆ ಮೊದಲು ಸಿಗುವುದು ವೆಂಕಣ್ಣಯ್ಯನವರಿಗೆ ಬರೆದ ಅರ್ಪಣೆ. ತೀರಿಹೋದ ಮೇಷ್ಟ್ರನ್ನು ಎದುರಿಗೆ ಕೂರಿಸಿಕೊಂಡು, ಕೆಲಸ ಮುಗಿಸಿ ತಂದಿದ್ದೇನೆ, ನೋಡಿ ಎಂದು ಒಪ್ಪಿಸುವ ವಿದ್ಯಾರ್ಥಿಯ ದನಿ ಅದರಲ್ಲಿದೆ. ನಲವತ್ತೈದರ ಪ್ರಾಧ್ಯಾಪಕ, ಹತ್ತು ವರ್ಷದ ಕೆಲಸ, ಇಪ್ಪತ್ತು ಸಾವಿರಕ್ಕೂ ಹೆಚ್ಚು ಸಾಲು; ಆದರೂ ಅರ್ಪಣೆಯಲ್ಲಿ ಕಾಣುವುದು ಪಾಠ ಒಪ್ಪಿಸಲು ನಿಂತ ಹುಡುಗ. ಈ ಕಾವ್ಯಕ್ಕೆ 1955ರಲ್ಲಿ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. 1967ನೇ ಸಾಲಿನ ಜ್ಞಾನಪೀಠವೂ ಇದಕ್ಕೇ. ಕನ್ನಡಕ್ಕೆ ಅದು ಮೊದಲ ಜ್ಞಾನಪೀಠ.

ಡಿ.ಎಲ್. ನರಸಿಂಹಾಚಾರ್ಯರದು ಬೇರೆ ದಾರಿ. ತಾಳೆಗರಿಯ ಕಟ್ಟು ಬಿಚ್ಚಿ ಕೂರುವುದು ಅವರ ಕೆಲಸ. ಗರಿಯ ಮೇಲೆ ಪದಗಳ ನಡುವೆ ಜಾಗ ಬಿಡುವ ಪದ್ಧತಿಯಿಲ್ಲ. ಸಾಲು ಎಲ್ಲಿ ಮುಗಿಯಿತು, ಪದ್ಯ ಎಲ್ಲಿ ಶುರುವಾಯಿತು ಎಂದು ಓದುವವನೇ ಹುಡುಕಬೇಕು. ಅಂಚು ಮುರಿದಿರುತ್ತದೆ, ಹುಳು ತಿಂದಿರುತ್ತದೆ. ಒಂದು ಪ್ರತಿಯಲ್ಲಿ ಇರುವ ಅಕ್ಷರ ಇನ್ನೊಂದರಲ್ಲಿ ಬೇರೆ. ನಕಲು ಮಾಡಿದವನ ಕೈತಪ್ಪು ಯಾವುದು, ಕವಿಯ ಮಾತು ಯಾವುದು ಎಂದು ತೀರ್ಮಾನಿಸಲು ನಾಲ್ಕು ಪ್ರತಿಗಳನ್ನು ಮಗ್ಗುಲಲ್ಲಿಟ್ಟು ತಾಳೆ ನೋಡಬೇಕು. ಒಂದೊಂದು ಪದಕ್ಕೆ ವಾರವೇ ಹಿಡಿಯಬಹುದು. ಹಾಗೆ ಕೂತು ಅವರು ಸಂಪಾದಿಸಿದ ‘ವಡ್ಡಾರಾಧನೆ’ 1949ರಲ್ಲಿ ಬಂತು. ಕನ್ನಡದ ಹಳೆಯ ಗದ್ಯ ಕಥೆಗಳು ಅದರಿಂದ ಎಲ್ಲರ ಕೈಗೆ ಸಿಕ್ಕಿದವು. ಈ ಕೆಲಸದ ಕಟ್ಟುಪಾಡುಗಳನ್ನೆಲ್ಲ ಅವರು ‘ಕನ್ನಡ ಗ್ರಂಥ ಸಂಪಾದನೆ’ಯಲ್ಲಿ ಬರೆದಿಟ್ಟರು. ಕನ್ನಡ ಸಾಹಿತ್ಯ ಪರಿಷತ್ತಿನ ಕನ್ನಡ ನಿಘಂಟಿನ ಸಂಪಾದಕತ್ವವನ್ನೂ ಹೊತ್ತರು. 1971ರಲ್ಲಿ ಅವರು ಕಾಲವಾದಾಗ ನಿಘಂಟಿನ ಬಹುಭಾಗ ಇನ್ನೂ ಬಾಕಿ ಇತ್ತು.

ಬಾಕಿಯನ್ನು ಮುಗಿಸಿದವರಲ್ಲಿ ಮುಂದೆ ನಿಂತವರು ಅವರ ಶಿಷ್ಯ ಜಿ. ವೆಂಕಟಸುಬ್ಬಯ್ಯ, ಅವರೂ ಇದೇ ಕಾಲೇಜಿನ ಎಂ.ಎ. ಎಂಟು ಸಂಪುಟಗಳು ಪೂರ್ತಿಯಾದದ್ದು 1995ರಲ್ಲಿ. ಅಷ್ಟರಲ್ಲಿ ವೆಂಕಟಸುಬ್ಬಯ್ಯನವರು ‘ಪ್ರಜಾವಾಣಿ’ಯ ‘ಇಗೋ ಕನ್ನಡ’ ಅಂಕಣದಲ್ಲಿ ಪದದ ಅರ್ಥ ಕೇಳಿದ ಯಾರಿಗೇ ಆದರೂ ಉತ್ತರ ಬರೆಯುತ್ತಿದ್ದರು. ನೂರೇಳು ವರ್ಷ ಬದುಕಿ, 2021ರಲ್ಲಿ ತೀರಿಕೊಂಡರು. 1920ರ ದಶಕದ ಒಂದು ತರಗತಿಯಲ್ಲಿ ಕಲಿಸಿದ ಓದುವ ಶಿಸ್ತು ಇಬ್ಬರ ಕೈ ದಾಟಿ ಇಪ್ಪತ್ತೊಂದನೆಯ ಶತಮಾನದ ದಿನಪತ್ರಿಕೆಯ ಓದುಗನನ್ನು ಮುಟ್ಟಿತು. ಇದು ಗುರುವಿನ ಸಾಧನೆಯೋ ಶಿಷ್ಯನದೋ ಎಂದು ಕೇಳಿದರೆ ಉತ್ತರ ಹೇಳುವುದು ನನ್ನಿಂದಾಗದು.

ಟಿಪ್ಪಣಿಯಿಂದ ಗ್ರಂಥಕ್ಕೆ

ತತ್ತ್ವಶಾಸ್ತ್ರದ ಕಡೆ ತಿರುಗಿದರೆ ಇಬ್ಬರು ಮೇಷ್ಟ್ರುಗಳು, ಇಬ್ಬರದೂ ಬೇರೆಬೇರೆ ಸ್ವಭಾವ.

ಸರ್ವಪಲ್ಲಿ ರಾಧಾಕೃಷ್ಣನ್ 1918ರಲ್ಲಿ ಮೈಸೂರಿಗೆ ಬಂದಾಗ ಮೂವತ್ತರ ಹರೆಯ. ಮೂರು ವರ್ಷ ಇದ್ದರು. ರವೀಂದ್ರನಾಥ ಠಾಕೂರರ ತತ್ತ್ವವನ್ನು ಕುರಿತ ಅವರ ಪುಸ್ತಕ ಬೆಳಕಿಗೆ ಬಂದದ್ದು ಮೈಸೂರಿಗೆ ಬಂದ ವರ್ಷವೇ. 1921ರಲ್ಲಿ ಕಲ್ಕತ್ತಾ ವಿಶ್ವವಿದ್ಯಾನಿಲಯ ಕರೆಯಿತು. ಅವರು ಹೊರಟ ದಿನ ವಿದ್ಯಾರ್ಥಿಗಳು ಗಾಡಿಯ ಕುದುರೆಗಳನ್ನು ಬಿಚ್ಚಿ, ಹೂವಿನಿಂದ ಸಿಂಗರಿಸಿ, ತಾವೇ ನೊಗಕ್ಕೆ ಹೆಗಲು ಕೊಟ್ಟು ರೈಲ್ವೆ ನಿಲ್ದಾಣದವರೆಗೆ ಎಳೆದುಕೊಂಡು ಹೋದದ್ದನ್ನು ಮೈಸೂರಿನವರು ಇಂದಿಗೂ ಹೇಳುತ್ತಾರೆ. 1962ರಿಂದ ಅವರು ಹುಟ್ಟಿದ ದಿನವಾದ ಸೆಪ್ಟೆಂಬರ್ 5 ದೇಶದ ಶಾಲೆಗಳಲ್ಲೆಲ್ಲ ಶಿಕ್ಷಕರ ದಿನ.

ಎಂ. ಹಿರಿಯಣ್ಣನವರನ್ನು ಯಾರೂ ಗಾಡಿಯಲ್ಲಿ ಎಳೆಯಲಿಲ್ಲ. ಎಳೆಯಲು ಅವರು ಬಿಡುತ್ತಲೂ ಇರಲಿಲ್ಲ. ಓರಿಯಂಟಲ್ ಲೈಬ್ರರಿಯಲ್ಲಿ ಹಸ್ತಪ್ರತಿಗಳ ಪಟ್ಟಿ ಮಾಡುತ್ತ ಕೆಲಸಕ್ಕೆ ಸೇರಿದವರು. ಆಮೇಲೆ ಮೈಸೂರಿನ ನಾರ್ಮಲ್ ಶಾಲೆಯಲ್ಲಿ, ಮೇಷ್ಟ್ರಾಗಲು ಬಂದವರಿಗೆ ಪಾಠ ಹೇಳಿದರು. ಮಹಾರಾಜ ಕಾಲೇಜಿಗೆ ಸಂಸ್ಕೃತ ಹೇಳಿಕೊಡಲು ಬರುವ ಹೊತ್ತಿಗೆ ನಲವತ್ತು ದಾಟಿತ್ತು. ಮಾತು ಕಡಿಮೆ, ಅಳತೆ ತಪ್ಪದು. ಬೌದ್ಧ, ಜೈನ, ನ್ಯಾಯ, ಸಾಂಖ್ಯ, ವೇದಾಂತಗಳನ್ನು ಯಾವುದಕ್ಕೂ ಮೋಸವಾಗದಂತೆ, ಆಯಾ ದರ್ಶನದವನೇ ಎದುರಿಗೆ ಕೂತಿದ್ದಾನೆ ಎಂಬಂತೆ ಹೇಳುವುದು ಅವರ ರೀತಿ. ವರ್ಷಗಟ್ಟಲೆ ತರಗತಿಗಾಗಿ ಸಿದ್ಧ ಮಾಡಿಕೊಂಡ ಪಾಠಗಳೇ ನಿವೃತ್ತಿಯ ಮೇಲೆ, 1932ರಲ್ಲಿ, ಭಾರತೀಯ ತತ್ತ್ವಶಾಸ್ತ್ರದ ರೂಪರೇಖೆಯನ್ನು ಕೊಡುವ ಅವರ ಇಂಗ್ಲಿಷ್ ಗ್ರಂಥವಾಗಿ ಲಂಡನ್ನಿನಿಂದ ಪ್ರಕಟವಾದವು. ಅದು ಇಂದಿಗೂ ಅಚ್ಚಾಗುತ್ತಿದೆ, ಪಠ್ಯವಾಗಿದೆ. ಅದರ ಪುಟಗಳಲ್ಲಿ ಒಂದು ಹೆಚ್ಚುವರಿ ಪದ ಹುಡುಕಿ ತೆಗೆಯುವುದು ಕಷ್ಟ. ಹಿಂದಿನ ಬೆಂಚಿನ ಹುಡುಗನಿಗೂ ತಿಳಿಯಬೇಕು, ಮುಂದಿನ ಬೆಂಚಿನ ಜಾಣನಿಗೂ ತಪ್ಪು ಕಾಣಬಾರದು ಎಂಬ ಮೇಷ್ಟ್ರ ಎಚ್ಚರದಿಂದ ಬಂದ ಬಿಗುವು ಅದು.

ಅದೇ ತತ್ತ್ವಶಾಸ್ತ್ರ ವಿಭಾಗಕ್ಕೆ 1950ರ ದಶಕದಲ್ಲಿ ಚನ್ನರಾಯಪಟ್ಟಣದ ಕಡೆಯ ಹುಡುಗನೊಬ್ಬ ಬಂದ. ಪ್ಲೇಗಿನಲ್ಲಿ ಮನೆಯವರನ್ನು ಕಳೆದುಕೊಂಡು, ವಾರಾನ್ನ ಮಾಡಿ, ಸಿಕ್ಕ ಕೆಲಸ ಮಾಡಿ ಓದಿದವನು. ವಾರಾನ್ನ ಎಂದರೆ ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು ಮನೆ. ಯಾವುದಾದರೂ ಮನೆಯವರು ಊರಿಗೆ ಹೋದರೆ ಆ ದಿನ ಉಪವಾಸ. ಸಾವು ಎಂದರೇನು ಎಂಬ ಪ್ರಶ್ನೆ ಪುಸ್ತಕದಿಂದ ಬಂದದ್ದಾಗಿರಲಿಲ್ಲ. ಯಾಮುನಾಚಾರ್ಯರಂಥ ಗುರುಗಳ ಬಳಿ ಓದಿ, ಎಂ.ಎ.ಯಲ್ಲಿ ಚಿನ್ನದ ಪದಕ ಪಡೆದ ಆ ಎಸ್.ಎಲ್. ಭೈರಪ್ಪ, ‘ವಂಶವೃಕ್ಷ’ದಿಂದ ‘ಪರ್ವ’ದವರೆಗೆ, ಮುಂದೆ ‘ಮಂದ್ರ’ದವರೆಗೆ, ಅಂಥ ಪ್ರಶ್ನೆಗಳನ್ನು ಕಾದಂಬರಿಗೆ ತಂದರು. ಹೊಟ್ಟೆಪಾಡಿನ ಉದ್ಯೋಗ ಮಾತ್ರ ಕೊನೆಯವರೆಗೆ ಮೇಷ್ಟ್ರದೇ. ಹುಬ್ಬಳ್ಳಿ, ಗುಜರಾತು, ದೆಹಲಿ ಸುತ್ತಿ, ಮೈಸೂರಿನ ಪ್ರಾದೇಶಿಕ ಶಿಕ್ಷಣ ಕಾಲೇಜಿನಲ್ಲಿ ಭಾವೀ ಶಿಕ್ಷಕರಿಗೆ ಪಾಠ ಹೇಳಿ 1991ರಲ್ಲಿ ನಿವೃತ್ತರಾದರು. ಹಿರಿಯಣ್ಣನವರು ನಾರ್ಮಲ್ ಶಾಲೆಯಿಂದ ಕಾಲೇಜಿಗೆ ಬಂದರೆ, ಭೈರಪ್ಪನವರು ಕಾಲೇಜಿನಿಂದ ಹೊರಟು ಶಿಕ್ಷಕರ ಶಾಲೆಗೆ ಹೋದರು.

ಕಲ್ಲು, ಕೇರಿ, ಮನಸ್ಸು

ಇತಿಹಾಸದ ಎಂ.ಎಚ್. ಕೃಷ್ಣ ಅವರದು ಕಾಲೇಜಿನ ಪಾಠದ ಜೊತೆಗೆ ಪುರಾತತ್ತ್ವ ಇಲಾಖೆಯ ಹೊಣೆ. ಚಂದ್ರವಳ್ಳಿಯಲ್ಲಿ, ಬ್ರಹ್ಮಗಿರಿಯಲ್ಲಿ ಅಗೆಸಿದರು. 1936ರಲ್ಲಿ ಬೇಲೂರು ತಾಲ್ಲೂಕಿನ ಹಲ್ಮಿಡಿ ಎಂಬ ಹಳ್ಳಿಯ ಒಂದು ಕಲ್ಲು ಅವರ ಕಣ್ಣಿಗೆ ಬಿತ್ತು. ಹದಿನಾರು ಸಾಲಿನ ಬರಹ, ಸುಮಾರು ಕ್ರಿ.ಶ. 450ರದು; ಪೂರ್ತಿ ಕನ್ನಡದಲ್ಲಿ ಬರೆದ ಬಹು ಹಳೆಯ ಶಾಸನವೆಂದು ಪಠ್ಯಪುಸ್ತಕಗಳಲ್ಲಿ ಇಂದು ಪ್ರತಿ ಮಗುವೂ ಓದುವ ಶಾಸನ ಇದೇ. ಕೃಷ್ಣರ ಹಾದಿಯಲ್ಲೇ ಎಸ್. ಶ್ರೀಕಂಠಶಾಸ್ತ್ರಿಗಳು ಆಕರಗಳನ್ನು ಕಲೆಹಾಕಿ ಕರ್ನಾಟಕದ ಚರಿತ್ರೆಗೆ ತಳಪಾಯ ಹಾಕಿದರು. ‘ಭಾರತೀಯ ಸಂಸ್ಕೃತಿ’ ಬರೆದರು.

ಈ ಮೇಷ್ಟ್ರು ಮಣ್ಣಿನ ಕೆಳಗೆ ಅಗೆದರೆ, ಇದೇ ಕಾಲೇಜಿನ ವಿದ್ಯಾರ್ಥಿಯೊಬ್ಬ ಮಣ್ಣಿನ ಮೇಲೆ ಇದ್ದವರನ್ನು ನೋಡಿದ. ಎಂ.ಎನ್. ಶ್ರೀನಿವಾಸ್ ಹುಟ್ಟಿ ಬೆಳೆದದ್ದು ಕಾಲೇಜ್ ರಸ್ತೆಯ ಮನೆಯಲ್ಲಿ. ಮನೆಯ ಹಿಂದೆ ಬಂಡಿಕೇರಿ, ಕುರುಬರ ಕೇರಿ. ಮುಂಬಾಗಿಲಿನಿಂದ ಹೋದರೆ ಬ್ರಾಹ್ಮಣರ ಬೀದಿ, ಹಿತ್ತಿಲಿನಿಂದ ಹೋದರೆ ಕುರಿ, ಉಣ್ಣೆ, ಬೇರೆ ಮಾತು, ಬೇರೆ ಊಟ. ಬೇರೊಂದು ಲೋಕಕ್ಕೆ ಕಾಲಿಟ್ಟಂತೆ ಹುಡುಗನಾಗಿದ್ದಾಗ ತನಗೆ ದಿಗ್ಭ್ರಮೆಯಾದದ್ದು ಅಲ್ಲಿ ಎಂದು ಅವರು ಬರೆದಿದ್ದಾರೆ. ವಾಡಿಯಾ ಅವರ ಉಸ್ತುವಾರಿಯಲ್ಲಿದ್ದ ಸಾಮಾಜಿಕ ತತ್ತ್ವಶಾಸ್ತ್ರದ ಆನರ್ಸ್ ತರಗತಿಯಲ್ಲಿ 1936ರಲ್ಲಿ ಪದವಿ ಮುಗಿಸಿ, ಮುಂಬಯಿ, ಆಕ್ಸ್‌ಫರ್ಡ್‌ಗಳಿಗೆ ಹೋದರು. ಕೊಡವರನ್ನು ಕುರಿತ ಅವರ ಗ್ರಂಥ 1952ರಲ್ಲಿ ಬಂತು. ಅದರಿಂದ ಹೊರಟ ‘ಸಂಸ್ಕೃತೀಕರಣ’ ಎಂಬ ಮಾತು ಸಮಾಜಶಾಸ್ತ್ರದಲ್ಲಿ ಬೇರೂರಿತು. 1948ರಲ್ಲಿ ಮೈಸೂರಿನ ಬಳಿಯ ಹಳ್ಳಿಯೊಂದರಲ್ಲಿ ಬೀಡುಬಿಟ್ಟು ಬರೆದುಕೊಂಡಿದ್ದ ಟಿಪ್ಪಣಿಗಳು 1970ರಲ್ಲಿ ಅಮೆರಿಕದಲ್ಲಿ ಅವರ ಕಚೇರಿಗೆ ಬಿದ್ದ ಬೆಂಕಿಗೆ ಆಹುತಿಯಾದವು. ಆಗ ನೆನಪನ್ನೇ ನೆಚ್ಚಿ ಬರೆದ ‘ನೆನಪಿನ ಹಳ್ಳಿ’ 1976ರಲ್ಲಿ ಇಂಗ್ಲಿಷಿನಲ್ಲಿ ಬಂತು. ಗೌಡ, ಹೊಲ, ಎತ್ತು, ಜಗಳ, ನ್ಯಾಯ ಎಲ್ಲ ಅಲ್ಲಿ ಬಿಸಿಬಿಸಿಯಾಗಿವೆ.

ಮನಶ್ಶಾಸ್ತ್ರದ ಕಥೆ ಮೊದಲು ಹೇಳಿದ ಗೋಪಾಲಸ್ವಾಮಿ ಅವರದೇ. ಲಂಡನ್ನಿನಲ್ಲಿ ಕಲಿತು ಬಂದು, 1924ರಲ್ಲಿ ಇಲ್ಲಿ ವಿಭಾಗ ಕಟ್ಟಿದರು. ಆ ವಿಷಯವನ್ನು ಬಿ.ಎ.ಗೆ ಓದಿದವರಲ್ಲಿ ಅನಸೂಯಾ ಒಬ್ಬರು, ಬಿ.ಎಂ. ಶ್ರೀಯವರ ತಮ್ಮನ ಮಗಳು. ಚಿನ್ನದ ಪದಕ ಪಡೆದು, ಮಂಡ್ಯದಲ್ಲಿ ಕೆಲಕಾಲ ಉಪಾಧ್ಯಾಯಿನಿಯಾಗಿದ್ದು, ‘ತ್ರಿವೇಣಿ’ ಎಂಬ ಹೆಸರಿನಲ್ಲಿ ಬರೆಯತೊಡಗಿದರು. ‘ಶರಪಂಜರ’ದ ಕಾವೇರಿ ಬಾಣಂತಿತನದಲ್ಲಿ ಮನಸ್ಸಿನ ಸಮತೋಲ ತಪ್ಪಿದವಳು, ಆಸ್ಪತ್ರೆಯಲ್ಲಿ ವಾಸಿಯಾಗಿ ಮನೆಗೆ ಬರುತ್ತಾಳೆ. ಕಾಯಿಲೆ ವಾಸಿಯಾದರೂ ನೆರೆಹೊರೆಯವರ ಕಣ್ಣಲ್ಲಿ ‘ಹುಚ್ಚಿ’ ಎಂಬ ಹೆಸರು ವಾಸಿಯಾಗುವುದಿಲ್ಲ. ಹಾಲಿನವನಿಂದ ಹಿಡಿದು ಗಂಡನವರೆಗೆ ಎಲ್ಲರ ನೋಟವೂ ಅವಳನ್ನು ಮತ್ತೆ ಅಲ್ಲಿಗೇ ನೂಕುತ್ತದೆ. ದೆವ್ವ, ಗಾಳಿ, ಮಾಟ ಎಂದು ಮುಚ್ಚಿಡುತ್ತಿದ್ದ ಸಂಕಟಕ್ಕೆ ವೈದ್ಯದ ಹೆಸರೊಂದುಂಟು ಎಂದು ಕನ್ನಡದ ಗೃಹಿಣಿಗೆ ತಿಳಿಸಿದ್ದು ಈ ಕಾದಂಬರಿ. ಮೂವತ್ತೈದು ತುಂಬುವ ಮೊದಲೇ, 1963ರಲ್ಲಿ, ತ್ರಿವೇಣಿ ತೀರಿಕೊಂಡರು. 1971ರಲ್ಲಿ ಪುಟ್ಟಣ್ಣ ಕಣಗಾಲರ ಸಿನಿಮಾ ಕಾವೇರಿಯನ್ನು ಓದಲು ಬಾರದವರ ಬಳಿಗೂ ತಂದಿತು.

ಇಂಗ್ಲಿಷ್ ಓದಿದ ಹುಡುಗರು

ಎಲ್ಲ ಸಾಧನೆಯೂ ರ‍್ಯಾಂಕಿನಿಂದ ಬಂದದ್ದಲ್ಲ ಎನ್ನುವುದಕ್ಕೂ ಇಲ್ಲಿ ಸಾಕ್ಷಿ ಇದೆ. ಮಹಾರಾಜ ಕಾಲೇಜಿಯೇಟ್ ಹೈಸ್ಕೂಲಿನ ಹೆಡ್‌ಮಾಸ್ತರರ ಮಗನೇ ಕಾಲೇಜು ಪ್ರವೇಶದ ಪರೀಕ್ಷೆಯಲ್ಲಿ ಫೇಲಾದ. ಮನೆಯಲ್ಲಿ ಕೂತು ಕೈಗೆ ಸಿಕ್ಕಿದ್ದನ್ನೆಲ್ಲ ಓದಿದ. ಆಮೇಲೆ ಸೇರಿ, 1930ರಲ್ಲಿ ಬಿ.ಎ. ಮುಗಿಸಿದ. ಆ ಆರ್.ಕೆ. ನಾರಾಯಣ್ 1935ರಲ್ಲಿ ‘ಸ್ವಾಮಿ ಮತ್ತು ಸ್ನೇಹಿತರ’ ಮೂಲಕ ಮಾಲ್ಗುಡಿಯನ್ನು ಜಗತ್ತಿಗೆ ತೋರಿಸಿದರು. ‘ಬಿ.ಎ. ಪದವೀಧರ’, ‘ಇಂಗ್ಲಿಷ್ ಮೇಷ್ಟ್ರು’ ಎಂದು ಕನ್ನಡದಲ್ಲಿ ಹೇಳಬಹುದಾದ ಅವರ ಮುಂದಿನ ಕಾದಂಬರಿಗಳ ಹೆಸರಿನಲ್ಲೇ ಕಾಲೇಜಿನ ವಾಸನೆ ಇದೆ. ತಮ್ಮ ಆರ್.ಕೆ. ಲಕ್ಷ್ಮಣ್‌ಗೆ ಮುಂಬಯಿಯ ಕಲಾಶಾಲೆ ಸೀಟು ಕೊಡಲಿಲ್ಲ, ಬೇಕಾದ ಪ್ರತಿಭೆ ಇಲ್ಲವೆಂದಿತು. ಅವರೂ ಮಹಾರಾಜ ಕಾಲೇಜಿಗೇ ಬಂದು ಬಿ.ಎ. ಓದುತ್ತ, ಅಣ್ಣನ ಕಥೆಗಳಿಗೂ, ರಾಶಿಯವರ ಹಾಸ್ಯಪತ್ರಿಕೆ ‘ಕೊರವಂಜಿ’ಗೂ ಚಿತ್ರ ಬರೆದರು. ‘ಶ್ರೀಸಾಮಾನ್ಯ’ನ ಗೆರೆ ಪಳಗಿದ್ದು ಇಲ್ಲಿಯೇ.

ಸಿ.ಡಿ. ನರಸಿಂಹಯ್ಯನವರು ಕೇಂಬ್ರಿಜ್‌ನಲ್ಲಿ ವಿಮರ್ಶಕ ಲೀವಿಸ್ ಬಳಿ ಕಲಿತು ಬಂದು ಇಲ್ಲಿ ಇಂಗ್ಲಿಷ್ ಪ್ರಾಧ್ಯಾಪಕರಾದರು, ಪ್ರಿನ್ಸಿಪಾಲರೂ ಆದರು. ಭಾರತೀಯರು ಇಂಗ್ಲಿಷಿನಲ್ಲಿ ಬರೆದದ್ದನ್ನು ಪಾಠಕ್ಕೆ ತಂದು, ಆಂಗ್ಲರ ಕಾವ್ಯವನ್ನು ಧ್ವನಿ, ರಸಗಳ ಕಣ್ಣಿನಿಂದ ನೋಡಿ ಎಂದರು. 1979ರಲ್ಲಿ ಮೈಸೂರಿನಲ್ಲಿ ‘ಧ್ವನ್ಯಾಲೋಕ’ ಕಟ್ಟಿದರು. ಅತ್ತ ಎ.ಕೆ. ರಾಮಾನುಜನ್ ಇಲ್ಲಿ ಇಂಗ್ಲಿಷ್ ಎಂ.ಎ. ಮುಗಿಸಿ ಷಿಕಾಗೋವರೆಗೆ ಹೋದರು. ಬಸವಣ್ಣ, ದಾಸಿಮಯ್ಯ, ಅಕ್ಕಮಹಾದೇವಿ, ಅಲ್ಲಮರ ವಚನಗಳನ್ನು 1973ರಲ್ಲಿ ಇಂಗ್ಲಿಷಿಗೆ ತಂದರು. ಬಿ.ಎಂ. ಶ್ರೀ ಇಂಗ್ಲಿಷನ್ನು ಕನ್ನಡಕ್ಕೆ ತಂದ ಐವತ್ತು ವರ್ಷಗಳೊಳಗೆ ಅದೇ ಕಾಲೇಜಿನ ಇನ್ನೊಬ್ಬ ಇಂಗ್ಲಿಷ್ ವಿದ್ಯಾರ್ಥಿ ಕನ್ನಡವನ್ನು ಇಂಗ್ಲಿಷಿಗೆ ಒಯ್ದ. ಇಲ್ಲಿಯೇ ಇಂಗ್ಲಿಷ್ ಓದಿ, ಇಂಗ್ಲಿಷ್ ಮೇಷ್ಟ್ರಾದ ಯು.ಆರ್. ಅನಂತಮೂರ್ತಿ ‘ಸಂಸ್ಕಾರ’ವನ್ನು ಬರ್ಮಿಂಗ್‌ಹ್ಯಾಮ್‌ನಲ್ಲಿದ್ದಾಗ ಕನ್ನಡದಲ್ಲಿ ಬರೆದರು. ಅದನ್ನು ಇಂಗ್ಲಿಷಿಗೆ ತಂದವರೂ ರಾಮಾನುಜನ್ನರೇ.

ಪುಸ್ತಕವನ್ನೇ ಮಡಿಸಿಟ್ಟು ಹೊರಟವರೂ ಇದ್ದರು. 1942ರ ಚಳವಳಿಯಲ್ಲಿ ಈ ಕಾಲೇಜಿನ ಹುಡುಗರು ಬೀದಿಗಿಳಿದಾಗ, ವಿದ್ಯಾರ್ಥಿ ಮುಂದಾಳು ಎಚ್.ವೈ. ಶಾರದಾಪ್ರಸಾದ್ ಜೈಲು ಸೇರಿದರು. ಅಲ್ಲಿ ಬರೆದ ದಿನಚರಿ ಅವರು ತೀರಿಕೊಂಡ ಮೇಲೆ ಪುಸ್ತಕವಾಗಿ ಬಂತು. ಇಂದಿರಾ ಗಾಂಧಿಯವರ ಮಾಧ್ಯಮ ಸಲಹೆಗಾರರಾಗಿ ದೆಹಲಿಯಲ್ಲಿ ನೆಲೆಸಿದ್ದಾಗಲೂ ಅವರು ಕನ್ನಡ ಕೃತಿಗಳನ್ನು ಇಂಗ್ಲಿಷಿಗೆ ತರುವುದನ್ನು ಬಿಡಲಿಲ್ಲ.

ಪಟ್ಟಿಯಲ್ಲಿ ಕಡಿಮೆ ಇರುವವರು

ಇಷ್ಟು ಹೆಸರು ಬರೆದ ಮೇಲೆ ಪಟ್ಟಿಯನ್ನು ಇನ್ನೊಮ್ಮೆ ನೋಡಿದರೆ ಒಂದು ಸಂಗತಿ ಎದ್ದು ಕಾಣುತ್ತದೆ. ಮೊದಲ ಅರ್ಧ ಶತಮಾನದ ಹೆಸರುಗಳಲ್ಲಿ ಬಹುಪಾಲು ಮೇಲ್ಜಾತಿಯವು, ಗಂಡಸರವು. ಹುಡುಗಿಯರಿಗೆ ಬೇರೆಯೇ ಮಹಾರಾಣಿ ಕಾಲೇಜು ಇತ್ತು. ತ್ರಿವೇಣಿಯಂಥವರು ಎಣಿಸುವಷ್ಟು ಮಂದಿ. ಸರ್ಕಾರಿ ಕೆಲಸದಲ್ಲಿ ಹಿಂದುಳಿದವರಿಗೆ ಪಾಲು ಕೊಡುವುದು ಹೇಗೆಂದು ತಿಳಿಯಲು ನಾಲ್ವಡಿಯವರು 1918ರಲ್ಲಿ ಲೆಸ್ಲಿ ಮಿಲ್ಲರ್ ಸಮಿತಿ ನೇಮಿಸಿದ್ದು ಇದೇ ಕಾಲದಲ್ಲಿ. ವಾರಾನ್ನದ ತಟ್ಟೆಯೂ ಎಲ್ಲ ಜಾತಿಯ ಹುಡುಗರಿಗೆ ಸಿಗುವಂಥದ್ದಾಗಿರಲಿಲ್ಲ. ಮಲೆನಾಡಿನ ಒಕ್ಕಲಿಗರ ಮನೆಯಿಂದ ಬಂದ ಪುಟ್ಟಪ್ಪ ಆ ಮೊದಲ ಎಂ.ಎ. ಬೆಂಚಿನಲ್ಲಿ ಕೂತದ್ದನ್ನು, ರಾಮಾಯಣವನ್ನು ಶೂದ್ರನೊಬ್ಬ ಬರೆದದ್ದನ್ನು ಈ ಹಿನ್ನೆಲೆಯಲ್ಲಿ ಓದಬೇಕು. ಆ ಬೆಂಚು ಅಗಲವಾಗುತ್ತ ಬಂದದ್ದು ಆಮೇಲಿನ ಮಾತು. ಕಾಲೇಜಿನ ಸಾಧನೆಗಳಲ್ಲಿ ಈ ಅಗಲವಾಗುವಿಕೆಯನ್ನೂ ಸೇರಿಸಬೇಕು.

ಕೆರೆಯಾಚೆಗೆ

1955ರಲ್ಲಿ ಕುವೆಂಪು ಕಾಲೇಜಿನ ಪ್ರಿನ್ಸಿಪಾಲರಾದರು. ಮರುವರ್ಷ ಕುಲಪತಿ. ಮೈಸೂರು ವಿಶ್ವವಿದ್ಯಾನಿಲಯದಲ್ಲೇ ಓದಿ ಅದರ ಕುಲಪತಿಯಾದವರಲ್ಲಿ ಅವರೇ ಮೊದಲಿಗರು. ವಿದ್ಯಾರ್ಥಿಯಾಗಿದ್ದಾಗಿನಿಂದ ಅವರು ಸಂಜೆ ಸುತ್ತುತ್ತಿದ್ದದ್ದು ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ. ಆ ಕೆರೆಯ ಆಚೆ ದಡದ ಬಯಲನ್ನು ಆರಿಸಿ, ಸ್ನಾತಕೋತ್ತರ ಕೇಂದ್ರ ಕಟ್ಟಿಸಿ, ‘ಮಾನಸಗಂಗೋತ್ರಿ’ ಎಂದು ಹೆಸರಿಟ್ಟರು. 1960ರಲ್ಲಿ ಅದು ಆರಂಭವಾಯಿತು.

ಅದರೊಂದಿಗೆ ಎಂ.ಎ. ತರಗತಿಗಳು ಒಂದೊಂದಾಗಿ ಮಹಾರಾಜ ಕಾಲೇಜನ್ನು ಬಿಟ್ಟು ಕೆರೆಯಾಚೆಗೆ ಹೋದವು. ವೆಂಕಣ್ಣಯ್ಯನವರ ತರಗತಿ ಹೋಯಿತು, ಹಿರಿಯಣ್ಣನವರ ದರ್ಶನಗಳು ಹೋದವು, ಇತಿಹಾಸ ಹೋಯಿತು. ಕಾಲೇಜಿಗೆ ಉಳಿದದ್ದು ಪದವಿ ತರಗತಿಗಳು. ತಾನು ಓದಿದ, ತಾನು ಪಾಠ ಹೇಳಿದ, ತಾನು ಪ್ರಿನ್ಸಿಪಾಲನಾಗಿದ್ದ ಕಾಲೇಜಿನ ಕಿರೀಟವನ್ನು ಅದರ ಅತಿ ದೊಡ್ಡ ಶಿಷ್ಯನೇ ಬಿಚ್ಚಿ ಬೇರೆಡೆ ಇಟ್ಟ ಎಂದು ಆಗ ಗೊಣಗಿದವರಿದ್ದರೆ ಅದನ್ನು ತಪ್ಪೆನ್ನಲಾಗದು.

ಆದರೆ ಕುವೆಂಪು ಅವರ ಬಳಿ ಓದಿದ ಜಿ.ಎಸ್. ಶಿವರುದ್ರಪ್ಪನವರು ಮುಂದೆ ಬೆಂಗಳೂರು ವಿಶ್ವವಿದ್ಯಾನಿಲಯಕ್ಕೆ ಹೋಗಿ ಅಲ್ಲಿನ ಕನ್ನಡ ಅಧ್ಯಯನ ಕೇಂದ್ರವನ್ನು ಕಟ್ಟಿ ಬೆಳೆಸಿದ್ದನ್ನು, 2006ರಲ್ಲಿ ಗುರುವಿನಂತೆಯೇ ರಾಷ್ಟ್ರಕವಿಯಾದದ್ದನ್ನು ನೆನೆದಾಗ, ತರಗತಿಗಳು ಈ ಆವರಣದೊಳಗೇ ಉಳಿಯಬೇಕಿತ್ತು ಎಂಬ ಹಟ ತಗ್ಗುತ್ತದೆ. ಮಹಾರಾಜ ಕಾಲೇಜಿನ ಹಳೆಯ ಕಟ್ಟಡದಲ್ಲಿ ಇಂದಿಗೂ ಜೂನಿಯರ್ ಬಿ.ಎ. ಹಾಲ್ ಇದೆ, ಶತಮಾನೋತ್ಸವ ಭವನ ಇದೆ. ಬೆಳಿಗ್ಗೆ ಗಂಟೆ ಹೊಡೆದಾಗ ಬಿ.ಎ. ಮೊದಲ ವರ್ಷದ ಮಕ್ಕಳು ಒಳಗೆ ಹೋಗುತ್ತಾರೆ. ಎಚ್.ಡಿ. ಕೋಟೆ, ಗುಂಡ್ಲುಪೇಟೆ, ನಂಜನಗೂಡು ಕಡೆಯಿಂದ ಬಸ್ಸು ಹಿಡಿದು ಬರುವವರಿಗೆ ಹಾಜರಿ ಕರೆಯುವ ಮೇಷ್ಟ್ರು, ಪಾಠ ಮುಗಿದ ಮೇಲೆ ಯಾವ ಉಸಾಬರಿಗೆ ಕೈಹಾಕಿದ್ದಾರೋ ಮುಂದಿನ ಸಂಚಿಕೆ ಬರೆಯುವವರು ಅದನ್ನು ಹುಡುಕಿ ಬರೆಯಬೇಕು.